ಕೂಸಿನ ಕುಲಾವಿ



ದೀಪಾವಳಿ, ಮಹಾವೀರ ನಿರ್ವಾಣೋತ್ಸವ ಮುಗಿದವೆಂದರೆ ನಮ್ಮ ಜತ್ತ ಸೀಮೆಯಲ್ಲಿ ಚಳಿ ಕಾಲಿಡುತ್ತದೆ. ಮಧ್ಯಾಹ್ನದ ಬಿಸಿಲು ಸುಡುತ್ತದೆ, ಬೆಳಗಿನ ಜಾವ ಮೈ ನಡುಗುತ್ತದೆ. ಮಳೆ ಕಡಿಮೆ, ಮರ ಕಡಿಮೆ, ಬಯಲು ಹೆಚ್ಚು. ಹೀಗಾಗಿ ಹಗಲಿಗೂ ರಾತ್ರಿಗೂ ಇರುವ ಅಂತರ ದೊಡ್ಡದು. ದೊಡ್ಡವರು ಶಾಲು ಹೊದ್ದು, ಬಿಸಿಲೇರಿದಾಗ ತೆಗೆದಿಡುತ್ತಾರೆ. ತೊಟ್ಟಿಲ ಕೂಸಿಗೆ ಹೊದೆಯಲೂ ಬಾರದು, ತೆಗೆಯಲೂ ಬಾರದು. ಅದರ ಪರವಾಗಿ ನಾವೇ ನೋಡಬೇಕು, ನಾವೇ ನಿರ್ಧರಿಸಬೇಕು.

ಉಮದಿ, ಸಂಖ, ಮಾಡಗ್ಯಾಳದ ಕಡೆಯ ಮನೆಗಳಲ್ಲಿ ತೊಟ್ಟಿಲ ಕಾರ್ಯಕ್ರಮವೆಂದರೆ ಸೋದರತ್ತೆಯ ಕೈಯಲ್ಲಿ ಕುಂಚಿಗೆ-ಕುಲಾವಿ ಇರಲೇಬೇಕು. ಮರಾಠಿ ಮಾತಾಡುವ ನೆರೆಮನೆಯವರು ಅದನ್ನೇ ಕುಂಚಿ-ಟೋಪಡೆ ಎನ್ನುತ್ತಾರೆ. ತಲೆಯಿಂದ ಬೆನ್ನಿನವರೆಗೆ ಇಳಿಯುವುದು ಕುಂಚಿಗೆ. ತಲೆಗೆ ಮಾತ್ರ ಕೂಡುವುದು ಕುಲಾವಿ. ಈಗ ಇವೆರಡರ ಜೊತೆಗೆ ಅಂಗಡಿಯ ಹೆಣಿಗೆಯ ಟೋಪಿ, ಕಾನಟೋಪಿಗಳೂ ಬಂದಿವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದೇ ಈ ತಿಂಗಳ ವಿಷಯ. ಟೋಪಿ ಚಿಕ್ಕ ವಸ್ತುವೆಂದು ಪುಟ ತಿರುವಬೇಡಿರಿ. ಅದರಲ್ಲಿ ಜೀವದ ಪ್ರಶ್ನೆಯೂ ಅಡಗಿದೆ.

ತಲೆಗೇ ಏಕೆ?

ಹುಟ್ಟಿದ ಕೂಸಿನ ತಲೆ ಅದರ ದೇಹಕ್ಕೆ ಹೋಲಿಸಿದರೆ ದೊಡ್ಡದು. ಮೈಯ ಒಟ್ಟು ಮೇಲ್ಮೈಯಲ್ಲಿ ಸುಮಾರು ಐದನೆಯ ಒಂದು ಭಾಗ ತಲೆಯೇ ಆಗಿರುತ್ತದೆ. ನಮಗೆ ಚಳಿಯಾದರೆ ಮೈ ನಡುಗಿ ಶಾಖ ಹುಟ್ಟುತ್ತದೆ. ಎಳೆಗೂಸು ಹಾಗೆ ನಡುಗಲಾರದು. ಮೈಯೊಳಗೆ ಕೂಡಿಟ್ಟ ಒಂದು ಬಗೆಯ ಕೊಬ್ಬನ್ನು ಕರಗಿಸಿಯೇ ಅದು ಬಿಸಿಯಾಗಿ ಉಳಿಯಬೇಕು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿಗೆ ಆ ಕೊಬ್ಬಿನ ಗಂಟೂ ಸಣ್ಣದು. ಮೈ ತಣ್ಣಗಾದ ಕೂಸು ಸಪ್ಪಗಾಗುತ್ತದೆ, ಮೊಲೆ ಹಿಡಿಯುವುದಿಲ್ಲ. ಹಾಲು ಇಲ್ಲವಾದರೆ ಇನ್ನಷ್ಟು ತಣ್ಣಗಾಗುತ್ತದೆ.

ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾರನ್‌ಹೀಟಿನಲ್ಲಿ ಹೇಳುವುದಾದರೆ 97.7ರಿಂದ 99.5. ಅದಕ್ಕಿಂತ ಇಳಿದರೆ ಕೂಸಿಗೆ ಶೀತವಾಗಿದೆ ಎಂದೇ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೊರಡಿಸಿದ ಬಾಣಂತಿ-ಶಿಶು ಆರೈಕೆಯ ಸೂಚನೆಗಳಲ್ಲಿ ಎರಡು ಮಾತುಗಳಿವೆ: ಹುಟ್ಟಿದ ಕೂಸಿಗೆ 24 ಗಂಟೆಯವರೆಗೆ ಸ್ನಾನ ಬೇಡ; ದೊಡ್ಡವರಿಗಿಂತ ಒಂದೆರಡು ಪದರ ಹೆಚ್ಚು ಬಟ್ಟೆ ಹಾಕಿ, ತಲೆಗೆ ಟೋಪಿ ತೊಡಿಸಿ. ನಮ್ಮ ಅಜ್ಜಿಯಂದಿರು ಕುಲಾವಿ ಕಟ್ಟುತ್ತಿದ್ದುದಕ್ಕೆ ಇದು ಬೆಂಬಲ. ಹುಟ್ಟಿದ ತಕ್ಷಣ ಎರೆದು ಹಾಕುತ್ತಿದ್ದುದಕ್ಕೆ ಬೆಂಬಲವಲ್ಲ.

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ ಹಾಗೂ ಡಾ. ರಾಣಿ ಬಂಗ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ಎಳೆಗೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. ಕೂಸನ್ನು ಬೆಚ್ಚಗಿಡುವುದು, ಸೋಂಕನ್ನು ಬೇಗ ಗುರುತಿಸಿ ಔಷಧ ಕೊಡುವುದು, ಮೊಲೆಹಾಲು ಕುಡಿಸಲು ತಾಯಿಗೆ ನೆರವಾಗುವುದು ಇವೆಲ್ಲ ಅದರಲ್ಲಿ ಸೇರಿದ್ದವು. ಮೂರನೆಯ ವರ್ಷದ ಹೊತ್ತಿಗೆ ಅಲ್ಲಿ ನವಜಾತ ಶಿಶುಗಳ ಸಾವು ಶೇಕಡಾ 62ರಷ್ಟು ಇಳಿದಿತ್ತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಹಾಗೂ 42ನೆಯ ದಿನ ಮನೆಗೆ ಬರುವ ಪದ್ಧತಿಯ ಬೇರು ಅಲ್ಲಿದೆ. ಆ ತಾಯಿ ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ ಒಳಗೆ ಕರೆದು, ಕೂಸಿನ ಜ್ವರ ನೋಡಿಸಿ, ತೂಕ ಮಾಡಿಸಿ.

ಯಾವ ಬಟ್ಟೆ?

ಮಾಡಗ್ಯಾಳದ ಹೆಸರು ಕುರಿಯ ತಳಿಯಿಂದ ದೂರದವರೆಗೆ ಹಬ್ಬಿದೆ. ಉದ್ದ ಕಾಲು, ಬಾಗಿದ ಮೂಗಿನ ಆ ಕುರಿ ಉಣ್ಣೆಗೆಂದು ಸಾಕುವ ತಳಿಯಲ್ಲ. ಕಂಬಳಿಗೆ ಬರುವುದು ದಖನಿ ಕುರಿಯ ಉಣ್ಣೆ. ಅದು ಬಲು ಗಟ್ಟಿ, ಆದರೆ ಒರಟು. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ ದಪ್ಪವಿದ್ದರೆ ಅದರ ತುದಿ ಚರ್ಮಕ್ಕೆ ಚುಚ್ಚುತ್ತದೆ. ಆದ್ದರಿಂದ ಕಂಬಳಿ ಮೇಲೆ ಹೊದೆಯಲು ಸರಿ, ಕೂಸಿನ ಹಣೆಗೆ ತಾಗಲು ಸರಿಯಲ್ಲ.

ಸಂತೆಯಲ್ಲಿ ‘ಉಲನ್ ಟೋಪಿ’ ಎಂದು ಮಾರುವುದರಲ್ಲಿ ಬಹಳಷ್ಟು ಉಣ್ಣೆಯೇ ಅಲ್ಲ, ಅಕ್ರಿಲಿಕ್ ನೂಲು. ನೋಡಲು ಮೆತ್ತಗೆ, ಬಣ್ಣವೂ ಚೆಂದ; ಆದರೆ ಬೆವರು ಹೀರುವುದಿಲ್ಲ. ಬೆವರು ಒಳಗೇ ನಿಂತು ಹಣೆಯ ಮೇಲೆ ಬೆವರುಸಾಲೆ ಏಳುತ್ತದೆ. ಸಂಶಯವಿದ್ದರೆ ಒಂದು ಎಳೆ ನೂಲು ಕಿತ್ತು, ಕೂಸಿನಿಂದ ದೂರ ಹೋಗಿ, ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. ಕರಗುವ ನೂಲಿನ ಟೋಪಿ ಹಾಕಿದ ಕೂಸನ್ನು ಅಗ್ಗಿಷ್ಟಿಕೆಯ ಹತ್ತಿರ ಒಯ್ಯುವುದು ಎಂಥ ಅಪಾಯವೆಂದು ಬೇರೆ ಹೇಳಬೇಕಾಗಿಲ್ಲ.

ರೇಷ್ಮೆಯ ಕುಲಾವಿಯ ಮಾತು ಬಂದರೆ, ಹುಳುವನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ನೂಲನ್ನು ಕೂಸಿನ ಮೊದಲ ಉಡುಪಾಗಿ ತೊಡಿಸುವುದು ಬೇಡವೆಂಬುದು ನಮ್ಮ ಅನೇಕ ಮನೆಗಳ ನಿಯಮ. ಕೂಸಿನ ದೃಷ್ಟಿಯಿಂದಲೂ ಅದು ಒಳ್ಳೆಯದೇ. ಜರಿಯ ಅಂಚು, ಮಣಿ, ಕನ್ನಡಿ, ಗೆಜ್ಜೆ ಇರುವುದು ಬಹುಮಟ್ಟಿಗೆ ಇಂಥ ಟೋಪಿಗಳಲ್ಲೇ. ಕಿತ್ತುಬಂದ ಒಂದು ಮಣಿ ಕೂಸಿನ ಗಂಟಲಿಗೆ ಸಾಕು.

ಹಾಗಾದರೆ ಒಳ್ಳೆಯದು ಯಾವುದು? ಹತ್ತಿಯ ಹೋಜಿಯರಿ ಬಟ್ಟೆ, ಅಂದರೆ ಬನಿಯನ್ನಿನ ಬಟ್ಟೆ. ತಿರುಪ್ಪೂರಿನಿಂದ ಬರುವ ಇಂಥ ಟೋಪಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಅದು ಹಿಗ್ಗುತ್ತದೆ, ಬೆವರು ಹೀರುತ್ತದೆ, ಕುದಿಸಿ ತೊಳೆಯಲೂ ಬರುತ್ತದೆ. ಆದರೆ ತೆಳುವಾದ ಒಂದೇ ಪದರ ಚಳಿಗೆ ಸಾಲದು. ಬಟ್ಟೆಗಿಂತ ಪದರಗಳ ನಡುವೆ ನಿಲ್ಲುವ ಗಾಳಿಯೇ ಶಾಖವನ್ನು ಹಿಡಿದಿಡುತ್ತದೆ. ಆದ್ದರಿಂದ ಎರಡು ಪದರದ್ದನ್ನೇ ಆರಿಸಿರಿ. ಅಜ್ಜಿ ಪ್ರೀತಿಯಿಂದ ಉಣ್ಣೆಯ ಟೋಪಿ ಹೆಣೆದಿದ್ದರೆ ಒಳಗೆ ಹತ್ತಿಯ ಅಸ್ತರು ಹಚ್ಚಿರಿ. ಅಜ್ಜಿಯ ಮನಸ್ಸೂ ಉಳಿಯುತ್ತದೆ, ಕೂಸಿನ ಹಣೆಯೂ ಉಳಿಯುತ್ತದೆ.

ಅಳತೆ

ತುಂಬು ದಿನದ ಕೂಸಿನ ತಲೆಯ ಸುತ್ತಳತೆ ಹುಟ್ಟಿದಾಗ ಸುಮಾರು 34 ಸೆಂ.ಮೀ. ಮೂರು ತಿಂಗಳಿಗೆ 40, ಆರು ತಿಂಗಳಿಗೆ 42-43, ವರ್ಷಕ್ಕೆ 45-46 ಆಗುತ್ತದೆ. ಎಂದರೆ ಮೊದಲ ಮೂರು ತಿಂಗಳು ತಿಂಗಳಿಗೆ ಹೆಚ್ಚುಕಡಿಮೆ ಎರಡು ಸೆಂ.ಮೀ. ಬೆಳೆಯುತ್ತದೆ. ಬಾಣಂತನಕ್ಕೆ ಒಂದು ಡಜನ್ ಟೋಪಿ ಕೊಂಡಿಡುವುದು ವ್ಯರ್ಥ. ಒಂದು ಅಳತೆಯವು ಮೂರು ಸಾಕು: ಒಂದು ತಲೆಯ ಮೇಲೆ, ಒಂದು ತೊಳೆಯಲು, ಒಂದು ಒಣಗಲು.

ಟೋಪಿ ತೊಡಿಸಿದ ಮೇಲೆ ಅಂಚಿನ ಒಳಗೆ ನಿಮ್ಮ ಕಿರುಬೆರಳು ಸಲೀಸಾಗಿ ಹೋಗಬೇಕು. ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಮೂಡಿದ್ದರೆ ಬಿಗಿ. ಹುಬ್ಬಿನ ಕೆಳಗೆ ಜಾರುತ್ತಿದ್ದರೆ ಸಡಿಲ. ಅದು ಮೂಗಿನ ಮೇಲೆ ಬಿದ್ದರೆ ಕೂಸು ಎತ್ತಿ ಒಗೆಯಲಾರದು. ಕಿವಿ ಮುಚ್ಚಬೇಕು, ಆದರೆ ಮಡಚಿಕೊಳ್ಳಬಾರದು.

ಕುಲಾವಿಯ ಲಾಡಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇವೆ. ಗದ್ದದ ಕೆಳಗೆ ಕಟ್ಟುವ ದಾರ, ಲಾಡಿ ಚೆಂದ ಕಾಣುತ್ತದೆ. ತೊಟ್ಟಿಲಲ್ಲಿ ಕೂಸು ಕೆಳಗೆ ಜಾರಿ ಟೋಪಿ ಹಿಂದಕ್ಕೆ ಸರಿದರೆ ಅದೇ ಲಾಡಿ ಕೊರಳನ್ನು ಬಿಗಿಯುತ್ತದೆ. ಮಕ್ಕಳ ಅಂಗಿಯ ತಲೆಮುಸುಕಿನ ಎಳೆದಾರದಿಂದಾದ ಸಾವುಗಳನ್ನು ನೋಡಿಯೇ ಅಮೇರಿಕ 1996ರಲ್ಲಿ ಅಂಥ ದಾರ ಬೇಡವೆಂದು ಸೂಚನೆ ಹೊರಡಿಸಿತು. ಸೋದರತ್ತೆ ತಂದ ಕುಂಚಿಗೆ-ಕುಲಾವಿಯನ್ನು ತೊಟ್ಟಿಲ ಶಾಸ್ತ್ರದ ಹೊತ್ತಿಗೆ ತೊಡಿಸಿ, ಎಲ್ಲರೂ ನೋಡಿ ಸಂತೋಷಪಡಲಿ, ಫೋಟೋ ತೆಗೆಯಲಿ. ಮಲಗಿಸುವ ಮೊದಲು ಬಿಚ್ಚಿ ಮಡಿಚಿಡಿರಿ. ಇದರಿಂದ ಯಾರ ಮನಸ್ಸೂ ನೋಯುವುದಿಲ್ಲ.

ಹಳೆಯ ಬನಿಯನ್ನಿನ ಟೋಪಿ

ಮನೆಯಲ್ಲೇ ಹೊಲಿಯುವವರಿಗಾಗಿ ಒಂದು ಸುಲಭ ವಿಧಾನ. ಹಲವು ಸಲ ತೊಳೆದು ಮೆತ್ತಗಾದ, ಬಿಳಿಯ ಹತ್ತಿ ಬನಿಯನ್ನನ್ನು ಕುದಿಸಿ ಒಣಗಿಸಿರಿ. ಬಟ್ಟೆ ಹೆಚ್ಚು ಹಿಗ್ಗುವ ಕಡೆಯನ್ನು ಅಗಲಕ್ಕೆ ಹಿಡಿದು, 34 ಸೆಂ.ಮೀ. ಅಗಲ, 34 ಸೆಂ.ಮೀ. ಉದ್ದದ ಚೌಕ ಕತ್ತರಿಸಿರಿ. ಪಕ್ಕಗಳನ್ನು ಸೇರಿಸಿ, ಒಂದು ಸೆಂ.ಮೀ. ಬಿಟ್ಟು ಹೊಲಿದರೆ ಸುತ್ತಳತೆ 32 ಸೆಂ.ಮೀ. ಆಗಿ ಒಂದು ಕೊಳವೆಯಾಗುತ್ತದೆ. ಇನ್ನು ಆ ಕೊಳವೆಯನ್ನು, ಹೊಲಿಗೆ ಒಳಗೆ ಅಡಗುವಂತೆ, ಅರ್ಧಕ್ಕೆ ಮಡಚಿರಿ. ಎರಡು ಪದರವಾಯಿತು, ಹೊಲಿಗೆ ಪದರಗಳ ನಡುವೆ ಸೇರಿತು, ಮಡಿಕೆಯೇ ಟೋಪಿಯ ಅಂಚಾಯಿತು. ಮೇಲಿನ ತುದಿಯ ಎರಡೂ ಪದರಗಳಿಗೆ ದಪ್ಪ ದಾರ ಓಡಿಸಿ, ನೆರಿಗೆ ಹಿಡಿದು ಎಳೆದು, ಭದ್ರವಾಗಿ ಗಂಟು ಹಾಕಿ ಹೊಲಿಯಿರಿ. ಅಂಚನ್ನು ಎರಡು ಬೆರಳಷ್ಟು ಹೊರಕ್ಕೆ ಮಡಚಿರಿ. ತಲೆ ಬೆಳೆದಂತೆ ಬಿಚ್ಚಬಹುದು. ಲಾಡಿ ಬೇಡ, ಗುಂಡಿ ಬೇಡ, ಉಲನ್ ಚೆಂಡು ಬೇಡ.

ಟೋಪಿಯನ್ನು ಒಳಮಗ್ಗುಲಾಗಿ ತಿರುವಿ ನೋಡುವ ರೂಢಿ ಇರಲಿ. ಕೈಚೀಲ, ಕಾಲುಚೀಲಗಳನ್ನಂತೂ ಪ್ರತಿಸಲ ತಿರುವಿ ನೋಡಿರಿ. ಒಳಗಿನ ಒಂದು ಬಿಡಿ ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡರೆ ಬೆರಳು ಬಾತು ನೀಲಿಯಾಗುತ್ತದೆ. ಕೂಸು ಏಕೆ ಅಳುತ್ತಿದೆಯೆಂದು ಹೊರಗಿನಿಂದ ತಿಳಿಯುವುದೇ ಇಲ್ಲ.

ಟ್ರಂಕಿನ ಕುಲಾವಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ದೊಡ್ಡ ಮಗನ ಕುಲಾವಿಯನ್ನು ಜೋಪಾನ ಮಾಡಿ, ಮೊಮ್ಮಗನಿಗೆ ತೊಡಿಸುವುದು ನಮ್ಮ ಮನೆಗಳ ಸಂಭ್ರಮ. ಅಷ್ಟು ವರ್ಷ ಅದು ಟ್ರಂಕಿನಲ್ಲಿ ಡಾಂಬರ ಗುಳಿಗೆಗಳ ನಡುವೆ ಇರುತ್ತದೆ. ತೆಗೆದ ಕೂಡಲೇ ಘಮ್ಮೆನ್ನುವ ಆ ವಾಸನೆ ನ್ಯಾಫ್ತಲೀನ್ ಎಂಬ ವಸ್ತುವಿನದು. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ರಕ್ತದ ಕೆಂಪು ಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುತ್ತದೆ. ಇದು ವಂಶದಲ್ಲಿ ಬರುವಂಥದು, ಗಂಡುಮಕ್ಕಳಲ್ಲಿ ಹೆಚ್ಚು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಇಂಥ ಕೂಸು ನ್ಯಾಫ್ತಲೀನಿನ ವಾಸನೆಯನ್ನು ಉಸಿರಾಡಿದರೆ, ಅದು ಚರ್ಮಕ್ಕೆ ತಾಗಿದರೆ, ಕೆಂಪು ಕಣಗಳು ಒಡೆದು ಕಾಮಾಲೆ ಏರುತ್ತದೆ. ಎಣ್ಣೆ ಸವರಿದ ಚರ್ಮಕ್ಕೆ ಅದು ಇನ್ನೂ ಬೇಗ ಇಳಿಯಬಹುದು. ನಾವಾದರೋ ನೆತ್ತಿಗೆ ಎಣ್ಣೆ ಒತ್ತಿ, ಅದರ ಮೇಲೆಯೇ ಕುಲಾವಿ ಕಟ್ಟುವವರು! ಕಾಮಾಲೆ ಮಿತಿಮೀರಿದರೆ ಮೆದುಳಿಗೆ ಹಾನಿಯಾಗುತ್ತದೆ. ಆ ಹಾನಿ ಜೀವನಪರ್ಯಂತ ಉಳಿಯುತ್ತದೆ.

ಆದ್ದರಿಂದ ಕೂಸಿನ ಬಟ್ಟೆಯಿರುವ ಪೆಟ್ಟಿಗೆಯಲ್ಲಿ ಡಾಂಬರ ಗುಳಿಗೆ ಹಾಕಲೇಬೇಡಿರಿ. ಒಣಗಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿರಿ. ಈಗಾಗಲೇ ಗುಳಿಗೆ ಹಾಕಿಟ್ಟಿದ್ದರೆ ಹೆರಿಗೆಗೆ ತಿಂಗಳು ಮೊದಲೇ ಬಟ್ಟೆ ತೆಗೆದು, ತೊಳೆದು, ಹಲವು ದಿನ ಬಿಸಿಲು-ಗಾಳಿಗೆ ಹಾಕಿರಿ. ಮತ್ತೂ ವಾಸನೆ ಉಳಿದಿದ್ದರೆ ನೆನಪಿಗೆಂದು ಇಟ್ಟುಕೊಳ್ಳಿರಿ, ಕೂಸಿಗೆ ಬೇಡ. ಬಾಣಂತಿಯ ಶಾಲು, ದುಪಟಿ, ಕೌದಿಗೂ ಇದೇ ಮಾತು. ಮೊದಲ ದಿನವೇ ಕಾಮಾಲೆ ಕಂಡರೆ, ಅಂಗೈ-ಅಂಗಾಲು ಹಳದಿಯಾದರೆ, ಮೂತ್ರ ಕಪ್ಪಾದರೆ, ಕೂಸು ಮೊಲೆ ಬಿಟ್ಟರೆ ಎಳೆಬಿಸಿಲಿಗೆ ಹಿಡಿಯುತ್ತ ದಿನ ಕಳೆಯದೆ ಆಸ್ಪತ್ರೆಗೆ ಹೊರಡಿರಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನು ಮಾಡಿರಿ.

ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು

ಅತ್ತೆ ‘ಟೋಪಿ ತೆಗೀಬ್ಯಾಡ’ ಎನ್ನುತ್ತಾರೆ, ಸೊಸೆ ‘ಬೆವರಾಕತ್ತೈತಿ ಅತ್ತಿ, ತೆಗೀತೀನಿ’ ಎನ್ನುತ್ತಾಳೆ. ಅನೇಕ ಮನೆಗಳಲ್ಲಿ ಕೇಳುವ ಈ ವಾದದಲ್ಲಿ ಇಬ್ಬರೂ ಅರ್ಧರ್ಧ ಸರಿ. ವಿಶ್ವ ಆರೋಗ್ಯ ಸಂಸ್ಥೆ ಟೋಪಿ ಹಾಕೆನ್ನುತ್ತದೆ. ಅಮೇರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ, ಹುಟ್ಟಿದ ಮೊದಲ ಕೆಲವು ಗಂಟೆಗಳನ್ನು ಬಿಟ್ಟರೆ ಮನೆಯೊಳಗೆ ಟೋಪಿ ಬೇಡವೆಂದಿತು. ಅಲ್ಲಿಯ ಮನೆಗಳು ಚಳಿಗಾಲದಲ್ಲೂ ಬೆಚ್ಚಗಿರುತ್ತವೆ. ಹೆಚ್ಚು ಕಾವೇರಿದ ಕೂಸು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವ ಅಪಾಯ ಹೆಚ್ಚೆಂಬುದು ಅವರ ಆತಂಕ. ಕೂಸು ಹೆಚ್ಚಿನ ಕಾವನ್ನು ಹೊರಹಾಕುವುದೂ ತಲೆಯಿಂದಲೇ. ಎರಡೂ ಮಾತುಗಳನ್ನು ನಮ್ಮ ಮನೆಗೆ ಹೊಂದಿಸಿಕೊಂಡರೆ ಹೀಗಾಗುತ್ತದೆ:

ಮೊದಲ ವಾರ, ಮತ್ತು ಎರಡೂವರೆ ಕಿಲೋಗಿಂತ ಕಡಿಮೆ ತೂಕವಿರುವಷ್ಟು ದಿನ, ಟೋಪಿ ಇರಲಿ. ಸ್ನಾನವಾದ ಮೇಲೆ ಮೊದಲು ತಲೆ ಒರೆಸಿ ಒಣಗಿಸಿ, ಆಮೇಲೆ ಟೋಪಿ. ಒದ್ದೆ ತಲೆಗೆ ಹಾಕಿದ ಟೋಪಿ ತಾನೇ ಒದ್ದೆಯಾಗಿ ತಂಪು ಮಾಡುತ್ತದೆ. ಬೆಳಗಿನ ಜಾವದ ಚಳಿಗೆ, ಬಸ್ಸು-ಬೈಕಿನ ಗಾಳಿಗೆ, ಸೂತಕ ಕಳೆದು ಬಸದಿಗೆ ಒಯ್ಯುವಾಗ ಟೋಪಿ ಬೇಕು. ಬಿಸಿಲೇರಿ ಮನೆ ಕಾದ ಮೇಲೆ, ಯುಗಾದಿಯಿಂದಾಚೆಯ ಬೇಸಿಗೆಯಲ್ಲಿ, ಮನೆಯೊಳಗೆ ಬೇಡ. ಜ್ವರ ಬಂದ ಕೂಸಿಗೆ ಬೇಡವೇ ಬೇಡ; ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಕೈ ಮುಟ್ಟಿ ನೋಡಿ ‘ತಣ್ಣಗಿದೆ’ ಎನ್ನುವುದು ಸಾಲದು. ನಿಮ್ಮ ಕೈಯ ಹಿಂಬದಿಯನ್ನು ಕೂಸಿನ ಹೊಟ್ಟೆಗೂ ಅಂಗಾಲಿಗೂ ಹಚ್ಚಿರಿ. ಎರಡೂ ಬೆಚ್ಚಗಿದ್ದರೆ ಸುಖವಾಗಿದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಚಳಿ ಶುರುವಾಗಿದೆ. ಟೋಪಿ, ಕಾಲುಚೀಲ ಹಾಕಿ ಎದೆಗೆ ಅವಚಿಕೊಳ್ಳಿರಿ. ಎರಡೂ ತಣ್ಣಗಿದ್ದರೆ ತಡಮಾಡದೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೋಗಿರಿ. ಕುತ್ತಿಗೆಯ ಹಿಂದೆ ಬೆವರಿದ್ದರೆ ಟೋಪಿ ತೆಗೆಯಿರಿ. ಅತ್ತೆ-ಸೊಸೆ ಇಬ್ಬರೂ ಒಪ್ಪಬಹುದಾದ ಪರೀಕ್ಷೆಯಿದು.

ನೆತ್ತಿಯ ಭಯವೂ ಬೇಡ. ಮಿಡಿಯುವ ಆ ಮೆತ್ತನೆಯ ಜಾಗದ ಕೆಳಗೆ ಗಟ್ಟಿಯಾದ ಪೊರೆಯಿದೆ. ಗಾಳಿ ಒಳಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ತಾನೇ ಮುಚ್ಚುತ್ತದೆ. ಆದರೆ ದಿನಕ್ಕೊಮ್ಮೆ ಟೋಪಿ ತೆಗೆದು ನೆತ್ತಿಯನ್ನು ನೋಡಿರಿ: ಒಳಕ್ಕೆ ಕುಸಿದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ, ಉಬ್ಬಿ ಬಿಗಿದಿದ್ದರೆ ಬೇರೆ ತೊಂದರೆಯಿದೆ. ಎರಡಕ್ಕೂ ವೈದ್ಯರೇ ಬೇಕು. ಇನ್ನು ಟೋಪಿಗೆ, ತಲೆಗೆ ಲೋಬಾನದ ಹೊಗೆ ಹಿಡಿಯುವುದನ್ನು ಬಿಡಿರಿ. ಎಳೆಯ ಪುಪ್ಪುಸಕ್ಕೆ ಹೊಗೆ ಒಳ್ಳೆಯದಲ್ಲ.

ಬೋರಿನ ಗಡಸು ನೀರಿನಲ್ಲಿ ಸೋಪು ಪೂರ್ತಿ ಹೋಗುವುದಿಲ್ಲ. ಟೋಪಿಯನ್ನು ಎರಡು-ಮೂರು ಸಲ ಜಾಲಾಡಿಸಿರಿ. ಹೊಸದನ್ನೂ ತೊಳೆಯದೆ ಹಾಕಬೇಡಿರಿ. ಹತ್ತಿಯದನ್ನು ಬಿಸಿಲಿಗೆ, ಉಣ್ಣೆಯದನ್ನು ಹಿಂಡದೆ ನೆರಳಿನಲ್ಲಿ ಹರವಿ ಒಣಗಿಸಿರಿ.

ಎದೆಯ ಬಿಸಿ

ಯಾವ ಟೋಪಿಯೂ ತಾಯಿಯ ಎದೆಗೆ ಸಮವಲ್ಲ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು, ಕಾವುಪೆಟ್ಟಿಗೆಗಳು ಸಾಲದಾದಾಗ, ತೂಕ ಕಡಿಮೆಯ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದರು. ಕೂಸಿನ ಮೈಮೇಲೆ ಆಗ ಇರುವುದು ಲಂಗೋಟಿ, ಕಾಲುಚೀಲ ಮತ್ತು ಟೋಪಿ ಮಾತ್ರ. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದೊಡನೆ ಇದನ್ನು ಆರಂಭಿಸಿದಾಗ ಅಂಥ ಕೂಸುಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತು. ತಾಯಿ ದಣಿದಿದ್ದರೆ ತಂದೆಯೂ ಕಟ್ಟಿಕೊಳ್ಳಬಹುದು, ಅಜ್ಜಿಯೂ ಕಟ್ಟಿಕೊಳ್ಳಬಹುದು.

ಕೊನೆಗೊಂದು ಬಿನ್ನಹ. ಮಳೆಯಿಲ್ಲದ ಜತ್ತ ತಾಲೂಕಿನಿಂದ ಪ್ರತಿವರ್ಷ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಚಳಿಗಾಲವಿಡೀ ರವದಿ ಹೊದಿಸಿದ ಕೊಪ್ಪಿಗಳಲ್ಲಿ ಎಳೆಗೂಸುಗಳೂ ಮಲಗುತ್ತವೆ. ಊರು ಬಿಟ್ಟ ಮೇಲೆ ಆಶಾ ಕಾರ್ಯಕರ್ತೆಯ ಭೇಟಿಯೂ ತಪ್ಪುತ್ತದೆ. ನಮ್ಮ ಓದುಗರಲ್ಲಿ ಕಬ್ಬಿನ ಹೊಲವುಳ್ಳವರು ಅನೇಕರಿದ್ದೀರಿ. ನಿಮ್ಮ ಹೊಲಕ್ಕೆ ಟೋಳಿ ಬಂದಾಗ ಕೊಪ್ಪಿಯಲ್ಲಿ ಬಾಣಂತಿ ಇದ್ದಾಳೆಯೇ ಎಂದು ಮನೆಯ ಹೆಣ್ಣುಮಕ್ಕಳು ಹೋಗಿ ಕೇಳಿರಿ. ಮೇಲೆ ಹೇಳಿದ ಎರಡು ಪದರದ ಟೋಪಿಗಳನ್ನು ಮೂರು ಹೊಲಿದು ಕೊಡಿರಿ, ಸ್ಥಳೀಯ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿರಿ, ಬೆಳಗಿನ ಚಳಿ ಇಳಿಯುವವರೆಗೆ ಆ ತಾಯಿಗೆ ಹೊಲದ ಕೆಲಸದಿಂದ ಬಿಡುವು ಸಿಗುವಂತೆ ಮುಕಾದಮನಿಗೆ ಒಂದು ಮಾತು ಹೇಳಿರಿ. ಹಳೆಯ ಬನಿಯನ್ನು ಮತ್ತು ಅರ್ಧ ತಾಸು ಬಿಡುವು, ಇಷ್ಟು ಎಲ್ಲ ಮನೆಗಳಲ್ಲೂ ಇರುತ್ತದೆ.

ಮುಂದಿನ ಸಂಚಿಕೆಯಲ್ಲಿ ಬಾಣಂತಿಯ ಊಟದ ಪಥ್ಯದಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂಬುದನ್ನು ನೋಡೋಣ.